ಅಪ್ಪನ ಪಟ್ಟಿ ಮತ್ತು ನನ್ನ ಮೊದಲ ಓಟು

ಈ ಕಡೆ ತಲೆ ಹಾಕದೆ ಎಷ್ಟು ತಿಂಗಳಾಯ್ತು ಅಂತ ಲೆಕ್ಕ ಹಾಕೋಕೂ ನಾಚಿಕೆ. ಬರೀಬೇಕು ಬರೀಬೇಕು ಅಂದ್ಕೊಂಡೇ ದಿನ ಹೋಯ್ತು. ಆದ್ರೆ ಇದೊಂದು ವಿಷಯ ಬಹಳ ದಿನದಿಂದ ಹೊಟ್ಟೆಯೊಳಗೇ ಕೂತಿದೆ. ಇವತ್ತು ಬರೆದು ಮುಗಿಸಿಬಿಡ್ತೀನಿ.

2024ರ ಮೇ 7, ಲೋಕಸಭೆ ಚುನಾವಣೆಯ ದಿನ. ಓಟು ಹಾಕೋಕೆ ಅಂತ ಎರಡು ದಿನ ಮುಂಚೆಯೇ ಊರಿಗೆ ಹೋಗಿದ್ದೆ. ಊರು ಅಂದ್ರೆ ಭಾವಿಕೇರಿ. ಅಂಕೋಲೆ ಪೇಟೆ ಕೂಗಳತೆ ದೂರ, ಸುತ್ತ ಅಲಗೇರಿ, ಕೇಣಿ, ಬೇಲೇಕೇರಿ. (ಓಟಿಗಾಗಿಯೇ ಬಂದೆ ಅಂತ ಎಲ್ಲರೆದುರು ಹೇಳಿಕೊಂಡೆ. ನಿಜ ಹೇಳ್ಬೇಕಂದ್ರೆ ಅದು ಇಶಾಡ ಮಾವಿನ ಹಣ್ಣಿನ ಕಾಲವೂ ಹೌದು :-) ) ಕಾಯಿ ಅಡಿ ಹಾಕೋಕೆ ಬುಟ್ಟಿ ತರೋಣ ಅಂತ ಅಟ್ಟ ಹತ್ತಿದ್ದೆ. ಬುಟ್ಟಿ ಹಿಂದೆ ಅಪ್ಪನ ತಗಡಿನ ಟ್ರಂಕು. ಅದರೊಳಗೆ, ಹಳೇ ಪಂಚಾಂಗಗಳ ಕೆಳಗೆ, ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ಕು.

ಆ ನೋಟ್‌ಬುಕ್ಕಿನ ಬಗ್ಗೆ ಹೇಳ್ಬೇಕು. ಅಪ್ಪ ಕನ್ನಡ ಶಾಲೆ ಮಾಸ್ತರ. ಮಾಸ್ತರರಿಗೆ ಎಲ್ಲದಕ್ಕೂ ಸ್ಕೇಲಿನಲ್ಲಿ ಗೆರೆ ಹೊಡೆಯೋ ಚಟ ಇರ್ತದಲ್ಲ, ಅಪ್ಪ ಚುನಾವಣೆಗೂ ಗೆರೆ ಹೊಡೀತಿದ್ದ. ಪ್ರತಿ ಚುನಾವಣೆಗೂ ಒಂದು ಪುಟ. ಎಡಗಡೆ ವಿಷಯ, ಮೇಲುಗಡೆ ಅಭ್ಯರ್ಥಿಗಳ ಹೆಸರು. ಪ್ರತಿ ಹೆಸರಿನ ಕೆಳಗೆ ಎರಡು ಅಂಕಣ: ಒಂದು 'ಹೇಳಿದ್ದು', ಇನ್ನೊಂದು 'ಮಾಡಿದ್ದು'. ಪೇಪರಿನಲ್ಲಿ ಬಂದಿದ್ದು, ಭಾಷಣದಲ್ಲಿ ಕೇಳಿದ್ದು, ಕರಪತ್ರದಲ್ಲಿ ಇದ್ದಿದ್ದು ಎಲ್ಲಾ ಇರುವೆ ಸಾಲಿನಂಥ ಅಕ್ಷರದಲ್ಲಿ ತುಂಬಿಸ್ತಿದ್ದ. ಸಣ್ಣವರಿದ್ದಾಗ ಇದನ್ನ ನೋಡಿ ನಗ್ತಿದ್ದೆವು. ಅಮ್ಮ ಅಂತೂ "ಗೆರೆ ಹೊಡ್ದು ಓಟ್ ಹಾಕೂದು ಊರಿಗೇ ನೀವೊಬ್ರೇ" ಅಂತಿದ್ದಳು.

ಮೊದಲ ಪಟ್ಟಿ 1967ರದ್ದು. ಅಪ್ಪನಿಗೆ ಆಗ ಮೂವತ್ತೂ ಆಗಿರಲಿಲ್ಲ. ಆ ವರ್ಷ ನಮ್ಮ ಕ್ಷೇತ್ರದಿಂದ ಗೆದ್ದವರು ಪಕ್ಷೇತರರಾಗಿ ನಿಂತಿದ್ದ ದಿನಕರ ದೇಸಾಯಿ. ಹೌದು, ಚುಟುಕಗಳ ದಿನಕರ ದೇಸಾಯಿಯವರೇ. ಅದಕ್ಕೂ ಮುಂಚೆ 1952, 57, 62 ಮೂರೂ ಸಲ ಕಾಂಗ್ರೆಸ್ಸಿನ ಜೋಕಿಂ ಆಳ್ವಾ ಗೆದ್ದ ಕ್ಷೇತ್ರ ಇದು. ಅಪ್ಪನ ಪಟ್ಟಿಯಲ್ಲಿ ಮೊದಲ ಸಾಲು 'ಗೇಣಿ'. ತಮಾಷೆ ಅಂದ್ರೆ 'ಹೇಳಿದ್ದು' ಅಂಕಣದಲ್ಲಿ ಎರಡೂ ಕಡೆ ಹೆಚ್ಚೂಕಡಿಮೆ ಒಂದೇ ಮಾತು. ಉಳುವವನಿಗೇ ಹೊಲ ಅಂತ ಇವರೂ ಅಂದ್ರು, ಅವರೂ ಅಂದ್ರು. ಕಾಂಗ್ರೆಸ್ ಸರಕಾರ 1961ರಲ್ಲೇ ಭೂ ಸುಧಾರಣೆ ಕಾಯ್ದೆ ಮಾಡಿಯೂ ಇತ್ತು. ಕಾಯ್ದೆ ಕಾಗದದ ಮೇಲಿತ್ತು, ಒಡೆಯರ ಮನೆ ಅಂಗಳಕ್ಕೆ ಭತ್ತ ಹೊರೋದು ನಿಂತಿರಲಿಲ್ಲ. ಅದು ನಿಂತಿದ್ದು 1974ರಲ್ಲಿ ದೇವರಾಜ ಅರಸು ಕಾಯ್ದೆಗೆ ತಿದ್ದುಪಡಿ ತಂದ ಮೇಲೆ. ದೇಸಾಯಿಯವರ 'ಮಾಡಿದ್ದು' ಅಂಕಣ ಮಾತ್ರ ತುಂಬಿ ಅಂಚಿಗೆ ಹರಿದಿತ್ತು. ರೈತಕೂಟ, ಬ್ರಿಟಿಷರ ಕಾಲದಲ್ಲಿ ಜಿಲ್ಲೆಯಿಂದಲೇ ಗಡೀಪಾರಾಗಿದ್ದು, 1953ರ ಕೆನರಾ ವೆಲ್‌ಫೇರ್ ಟ್ರಸ್ಟು, ಹೈಸ್ಕೂಲುಗಳು, ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು. ಅದೇ ಕಾಲೇಜಿನಲ್ಲಿ ಮುಂದೆ ನಾನು ಓದಿದ್ದು. ಇಬ್ಬರೂ ಒಂದೇ ಮಾತು ಹೇಳೋವಾಗ ಯಾರದ್ದು ನಿಜ ಅಂತ ನೋಡೋಕೇ ಅಪ್ಪ ಆ ಎರಡನೇ ಅಂಕಣ ಹಾಕಿದ್ದಿರಬೇಕು ಅಂತ ನನಗೆ ಈಗ ಅನ್ನಿಸ್ತದೆ.

ಮಧ್ಯದ ಪುಟಗಳನ್ನ ಬಿಡ್ತೀನಿ. ನಾನು ಹುಡುಕ್ತಾ ಇದ್ದಿದ್ದು 1989.

ಆ ವರ್ಷ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿತ್ತು. ನನಗೆ ಆಗಷ್ಟೇ 18 ತುಂಬಿತ್ತು. ನವೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ನಮ್ಮ ಲೋಕಸಭೆಗೆ 1980 ಮತ್ತು 84ರಲ್ಲಿ ಗೆದ್ದಿದ್ದ ಕಾಂಗ್ರೆಸ್ಸಿನ ಜಿ. ದೇವರಾಯ ನಾಯ್ಕರು ಮತ್ತೆ ನಿಂತಿದ್ದರು. ಅವರೆದುರು ನಿಂತವರಲ್ಲಿ ಒಬ್ಬರು ಕೋಟ ಶಿವರಾಮ ಕಾರಂತರು. ವಯಸ್ಸು 87. ಜ್ಞಾನಪೀಠ ಬಂದು ಹನ್ನೆರಡು ವರ್ಷವಾಗಿತ್ತು. ಆ ವಯಸ್ಸಲ್ಲಿ ಆರಾಮವಾಗಿ ಸಾಲಿಗ್ರಾಮದ ಮನೆಯಲ್ಲಿ ಕೂರಬಹುದಾಗಿದ್ದ ಮನುಷ್ಯ, ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಬೇಡ ಅಂತ ನಮ್ಮ ಜಿಲ್ಲೆಗೆ ಬಂದು ಚುನಾವಣೆಗೆ ನಿಂತುಬಿಟ್ಟಿದ್ದರು.

ಈಗಿನ ಹುಡುಗರಿಗೆ ಆ ದಿನಗಳ ಬಿಸಿ ಗೊತ್ತಿರ್ಲಿಕ್ಕಿಲ್ಲ. ಚೆರ್ನೋಬಿಲ್ ಆಗಿದ್ದು 1986ರ ಏಪ್ರಿಲಿನಲ್ಲಿ. ಅದಾಗಿ ಮೂರೇ ವರ್ಷ. ಕಾಳಿ ನದಿ ದಡದಲ್ಲಿ, ಮಳೆಕಾಡಿನ ನಡುವೆ ರಿಯಾಕ್ಟರ್ ಎಬ್ಬಿಸ್ತಾರೆ ಅಂದ್ರೆ ಹೆದರಿಕೆ ಆಗ್ದೇ ಇರ್ತದಾ? ಅಣು ವಿಜ್ಞಾನಿ ರಾಜಾ ರಾಮಣ್ಣ ಬೇಕು ಅಂತಿದ್ದರು, ಕಾರಂತರು ಬೇಡ ಅಂತಿದ್ದರು. ಕಾಲೇಜಿನ ಕಟ್ಟೆಯಲ್ಲಿ ನಮ್ಮದೂ ಅದೇ ವಾದ. ನಾನು ಕಡು ಕಾರಂತ ಪಕ್ಷ. 'ಬೆಟ್ಟದ ಜೀವ' ಓದಿ ಅದೇ ಗುಂಗಿನಲ್ಲಿದ್ದ ವಯಸ್ಸು. ವಿಕಿರಣ, ಅರ್ಧಾಯುಷ್ಯ ಅಂತೆಲ್ಲ ಬಾಯಿಪಾಠ ಮಾಡಿಕೊಂಡು, ಸಿಕ್ಕವರಿಗೆಲ್ಲ ಪಾಠ ಮಾಡ್ತಿದ್ದೆ. ಮೀನು ಮಾರೋಕೆ ಬಂದ ಹೆಂಗಸರನ್ನೂ ಬಿಟ್ಟಿರಲಿಲ್ಲ. "ತಮಾ, ಬಂಗಡೆ ಬೇಕಾ ಬ್ಯಾಡ್ದಾ ಹೇಳು, ಬಿಸಿಲೇರ್ತು" ಅಂತಿದ್ದರು ಅವರು.

ಮನೆಯಲ್ಲಿ ಮಾತ್ರ ಪರಿಸ್ಥಿತಿ ಬೇರೆ ಇತ್ತು. ಅಣ್ಣ ಕಾರವಾರದಲ್ಲಿ ಐಟಿಐ ಮುಗಿಸಿ ಎರಡು ವರ್ಷದಿಂದ ಖಾಲಿ ಕೂತಿದ್ದ. ಫಿಟ್ಟರ್. ಕೈಗಾದಲ್ಲಿ ಸ್ಥಳೀಯರಿಗೆ ಕೆಲಸ ಸಿಗ್ತದೆ ಅನ್ನೋ ಸುದ್ದಿ ಹಳ್ಳಿಹಳ್ಳಿಯಲ್ಲೂ ಇತ್ತು. ಸರ್ಟಿಫಿಕೇಟುಗಳನ್ನ ಒಂದು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು, ಫೈಲನ್ನ ಮತ್ತೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಡ್ತಿದ್ದ, ಮಳೆಗೆ ನೆನೀಬಾರದು ಅಂತ. ನಾನು ಕೈಗಾ ಬೇಡ ಅಂತ ಕೂಗೋವಾಗೆಲ್ಲ ಅವನು ಎದ್ದು ಹಿತ್ತಲ ಕಡೆ ಹೋಗ್ತಿದ್ದ. ಒಂದು ದಿನವೂ ನನ್ನ ಜೊತೆ ವಾದಕ್ಕೆ ಇಳೀಲಿಲ್ಲ. ವಾದ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಪ್ಪ ಪಟ್ಟಿ ಮಾಡಿ ಜಗಲಿಯಲ್ಲಿ ಓದಿ ಹೇಳಿದ್ದು ನೆನಪಿದೆ. ಕೈಗಾ, ನೌಕಾನೆಲೆ, ಅತಿಕ್ರಮಣ ಜಮೀನು, ನೌಕರಿ, ರಸ್ತೆ, ಆಸ್ಪತ್ರೆ ಅಂತ ಆರು ಸಾಲು. ನೌಕಾನೆಲೆ ಅಂದ್ರೆ ಸೀಬರ್ಡ್. 1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿ ಹೋಗಿದ್ದರು. ಕಾರವಾರ, ಅಂಕೋಲಾ ಎರಡೂ ತಾಲೂಕಿನ ಕರಾವಳಿ ಹಳ್ಳಿಗಳಿಗೆ ಎದ್ದು ಹೋಗೋ ಭಯ ಹಿಡಿದಿತ್ತು. ಕಾಂಗ್ರೆಸ್ಸಿನ ಕೆಳಗೆ ಅಪ್ಪ ಆರಕ್ಕೆ ಆರೂ ಸಾಲು ತುಂಬಿದ್ದ. ಒಪ್ಪೋದು ಬಿಡೋದು ಬೇರೆ, ಏನೋ ಒಂದು ಇತ್ತು. ಕಾರಂತರ ಕೆಳಗೆ ಒಂದೇ ಸಾಲು. ಕೈಗಾ: ಬೇಡ. ಉಳಿದದ್ದೆಲ್ಲ ಖಾಲಿ.

ಅಪ್ಪ ಚುನಾವಣೆ ಡ್ಯೂಟಿಗೆ ಹೊರಡೋ ಹಿಂದಿನ ರಾತ್ರಿ ಇದರ ಮೇಲೇ ಜಗಳ ಆಯ್ತು. "ಕಾರಂತರು ದೊಡ್ಡವರು, ನಾ ಇಲ್ಲಾ ಅಂಬೂದಿಲ್ಲ. ಆದ್ರೆ ಎಂಪಿ ಅಂದ್ರೆ ಒಂದು ಸಾಲಿನ ಉತ್ತರ ಅಲ್ಲ. ರೇಷನ್ ಬಗ್ಗೆ ಎಂತಾ ಹೇಳ್ತಾರೆ? ಅತಿಕ್ರಮಣದ ಬಗ್ಗೆ ಎಂತಾ?" ಅಂತ ಅಪ್ಪ. "ಆ ಒಂದು ಸಾಲು ಅಳಿಸಿಹೋದ್ರೆ ಉಳಿದ ಐದು ಸಾಲಿಗೆ ಜನ ಎಲ್ಲಿರ್ತಾರೆ?" ಅಂತ ನಾನು. ಅಪ್ಪ ನಗಲಿಲ್ಲ, ಬೈಯಲೂ ಇಲ್ಲ. "ಮನೇಲಿ ಇನ್ನೊಬ್ಬ ಇದ್ದಾನೆ ಅಂತ ನೋಡ್ಕಂಡು ಮಾತಾಡು" ಅಂದು ಕಂದೀಲು ಸಣ್ಣ ಮಾಡಿ ಮಲಗಿದ.

ಈಗ ಹೇಳೋದನ್ನ ನಾನು ಯಾರಿಗೂ ಹೇಳಿಲ್ಲ. ಓಟಿನ ದಿನ ಶಾಲೆಯಲ್ಲಿ ಸಾಲು ನಿಂತಾಗ ಅಣ್ಣ ನನ್ನ ಮುಂದೆ ಇದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಸಂದರ್ಶನಕ್ಕೆ ಅಂತ ಹೊಲಿಸಿದ್ದು, ಸಂದರ್ಶನವೇ ಬಾರದೆ ಚುನಾವಣೆಗೆ ಹಾಕ್ಕೊಂಡಿದ್ದ. ಕಾಲರಿನ ಮಡಿಕೆ ಆಗಲೇ ಹಳದಿ ಆಗ್ತಿತ್ತು. ಆ ಕಾಲರನ್ನ ಅರ್ಧ ಗಂಟೆ ನೋಡ್ತಾ ನಿಂತಿದ್ದೆ. ಒಳಗೆ ಹೋಗಿ ರಟ್ಟಿನ ಮರೆಯಲ್ಲಿ ನಿಂತಾಗ ಕೈಯಲ್ಲಿ ಮುದ್ರೆ, ಎದುರು ಚೀಟಿ. ನಾನು ಕಾಂಗ್ರೆಸ್ಸಿಗೆ ಒತ್ತಿದೆ. ಹೊರಗೆ ಬಂದ ಮೇಲೆ ಗೆಳೆಯರು ಬೆನ್ನು ತಟ್ಟಿ ಕೇಳಿದರು. "ಇನ್ಯಾರಿಗೆ, ಕಾರಂತರಿಗೇ" ಅಂದೆ. ಆಮೇಲೆ ಮೂವತ್ತು ಚಿಲ್ಲರೆ ವರ್ಷ ಹಾಗೇ ಹೇಳ್ತಾ ಬಂದೆ. ಬೆಂಗಳೂರಲ್ಲಿ ಸಾಹಿತ್ಯದ ಗೆಳೆಯರ ನಡುವೆ ಕೂತಾಗ "ನನ್ನ ಮೊದಲ ಓಟು ಕಾರಂತರಿಗೆ" ಅಂತ ಎಷ್ಟು ಸಲ ಜಂಬ ಕೊಚ್ಚಿದೀನೋ ಲೆಕ್ಕ ಇಲ್ಲ. ನಿಮ್ಮಲ್ಲೂ ಒಬ್ಬಿಬ್ಬರಿಗೆ ಹೇಳಿದ ನೆನಪು. ಕ್ಷಮಿಸಿ.

ಕಾರಂತರು ಸೋತರು. ನಾಯ್ಕರು ಗೆದ್ದರು. ಆದರೆ ದಿಲ್ಲಿಯಲ್ಲಿ ಕಾಂಗ್ರೆಸ್ಸೇ ಸೋತು ವಿ.ಪಿ. ಸಿಂಗ್ ಬಂದರು. ಹಾಗಂತ ಕೈಗಾ ನಿಲ್ತಾ? ಇಲ್ಲ. ವಿ.ಪಿ. ಸಿಂಗ್ ಸಂಪುಟದಲ್ಲಿ ರಾಜಾ ರಾಮಣ್ಣನವರೇ ರಕ್ಷಣಾ ಖಾತೆಯ ರಾಜ್ಯ ಸಚಿವರಾದರು! ಮುಂದೆ ಚಂದ್ರಶೇಖರ್, ನರಸಿಂಹರಾವ್, ದೇವೇಗೌಡ, ಗುಜ್ರಾಲ್, ವಾಜಪೇಯಿ. ಪಕ್ಷ ಎಷ್ಟು ಬದಲಾದ್ರೂ ಕೈಗಾದಲ್ಲಿ ಕಾಂಕ್ರೀಟು ಕಲೆಸೋದು ನಿಲ್ಲಲಿಲ್ಲ. 1994ರ ಮೇ ತಿಂಗಳಲ್ಲಿ ಕಟ್ತಾ ಇದ್ದ ಒಳಗುಮ್ಮಟದ ಕಾಂಕ್ರೀಟು ಕುಸಿದು ಬಿತ್ತು. ಇಂಧನ ತುಂಬಿರಲಿಲ್ಲ, ಪುಣ್ಯ. 2000ನೇ ಇಸವಿಯಲ್ಲಿ ಮೊದಲ ಎರಡು ಘಟಕಗಳು ವಿದ್ಯುತ್ ಮಾರಾಟ ಶುರು ಮಾಡಿದವು. ಆಮೇಲೆ ಇನ್ನೆರಡು ಸೇರಿ ಈಗ ಒಟ್ಟು 880 ಮೆಗಾವ್ಯಾಟ್. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯೋ ನೀರಿನ ಕೂಲರಿನಲ್ಲಿ ಟ್ರಿಟಿಯಂ ಬೆರೆತಿದ್ದು ಗೊತ್ತಾಗಿ ದೊಡ್ಡ ಗಲಾಟೆ ಆಯ್ತು. 2018ರ ಕೊನೆಗೆ ಒಂದನೇ ಘಟಕ ನಿಲ್ಲದೆ 962 ದಿನ ಓಡಿ ವಿಶ್ವದಾಖಲೆ ಮಾಡಿತು. ಕಾರಂತರು ಸರಿಯಿದ್ದರಾ ತಪ್ಪಿದ್ದರಾ ಅಂತ ಯಾರಾದ್ರೂ ಕೇಳಿದ್ರೆ ನಾನು ಎರಡೂ ಕಡೆಯ ಸಂಗತಿ ಹೇಳಿ ಸುಮ್ಮನಾಗ್ತೀನಿ. ಅಣ್ಣನಿಗೆ ಅಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಕೆಲಸ ಸಿಕ್ಕಿತು. ಅದರಲ್ಲೇ ಮನೆಗೆ ಹಂಚು ಹೋಗಿ ಸ್ಲ್ಯಾಬ್ ಬಂತು, ನಾನು ಬೆಂಗಳೂರಿಗೆ ಹೋಗಿ ಓದಿದೆ.

ಸರಿ, ಅಟ್ಟದ ಕತೆಗೆ ಬರ್ತೀನಿ. ನೋಟ್‌ಬುಕ್ಕು ಕೆಳಗೆ ತಂದು ಜಗಲಿಯಲ್ಲಿ ಕೂತು ಅಣ್ಣನ ಜೊತೆಗೇ ಪುಟ ತಿರುವಿದೆ. 1989ರ ಪುಟದಲ್ಲಿ ಎಲ್ಲಾ ನನ್ನ ನೆನಪಿನ ಹಾಗೇ ಇತ್ತು. ಆರು ಸಾಲು, ಕಾರಂತರ ಕೆಳಗೆ ಒಂದೇ ಸಾಲು. ಆದರೆ ಅಪ್ಪ ಓದಿ ಹೇಳದೇ ಇದ್ದಿದ್ದು ಒಂದು ಇತ್ತು. ಪುಟದ ಕೆಳಗೆ ಸಣ್ಣಕ್ಷರದಲ್ಲಿ 'ಅಂಚೆ ಮತ ಹಾಕಿದ್ದಾಯಿತು' ಅಂತ ಬರೆದು ತಾರೀಕು. ಕಾರಂತರ ಹೆಸರಿನ ಪಕ್ಕ ಕೆಂಪು ಶಾಯಿಯ ರೈಟು. ಮಕ್ಕಳ ಉತ್ತರ ಪತ್ರಿಕೆಗೆ ಹಾಕ್ತಿದ್ದ ಅದೇ ರೈಟು. ತಾರೀಕು ನೋಡಿದ್ರೆ, ನನ್ನ ಜೊತೆ ಆ ರಾತ್ರಿ ಜಗಳ ಮಾಡೋ ಹೊತ್ತಿಗೆ ಅಪ್ಪನ ಓಟು ಆಗಲೇ ಹಾಕಿ ಆಗಿತ್ತು.

ಅಣ್ಣ ಕನ್ನಡಕ ಏರಿಸಿ ನೋಡಿದ. "ನೋಡಾ, ಅಪ್ಪನೂ ನಿನ್ನ ಬದಿಗೇ ಇದ್ದಿದ್ದ" ಅಂದ. ಬೇಜಾರಿನಲ್ಲಿ ಅಲ್ಲ, ನಗ್ತಾನೇ ಅಂದ. ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಅಷ್ಟರಲ್ಲಿ ಅವನೇ "ಇದ್ರಲ್ಲಿ ಪುಟ ಉಳ್ದಿದೆ. ಈ ಸಲದ್ದು ಬರಿವಾ?" ಅಂದ.

ಬರೆದೆವು. ಗೆರೆ ಅವನು ಹೊಡೆದ, ಅಕ್ಷರ ನನ್ನದು. ಬಿಜೆಪಿಯಿಂದ ವಿಶ್ವೇಶ್ವರ ಹೆಗಡೆ ಕಾಗೇರಿ, ಕಾಂಗ್ರೆಸ್ಸಿನಿಂದ ಡಾ. ಅಂಜಲಿ ನಿಂಬಾಳ್ಕರ್. ಆರು ಸಲ ಗೆದ್ದಿದ್ದ ಅನಂತಕುಮಾರ ಹೆಗಡೆಯವರಿಗೆ ಬಿಜೆಪಿ ಈ ಬಾರಿ ಟಿಕೆಟ್ ಕೊಟ್ಟಿರಲಿಲ್ಲ.

ದೇಶದ ಸಾಲುಗಳು ಬೇಗ ತುಂಬಿದವು, ಯಾಕಂದ್ರೆ ಅಲ್ಲಿ ವ್ಯತ್ಯಾಸ ಎದ್ದು ಕಾಣ್ತಿತ್ತು. ಕಾಂಗ್ರೆಸ್ಸಿನ ಪ್ರಣಾಳಿಕೆಯಲ್ಲಿ ಬಡ ಮನೆಯ ಹೆಣ್ಣುಮಗಳಿಗೆ ವರ್ಷಕ್ಕೆ ಒಂದು ಲಕ್ಷ, ಬೆಂಬಲ ಬೆಲೆಗೆ ಕಾನೂನು, ಜಾತಿ ಗಣತಿ, ಅಗ್ನಿಪಥ ರದ್ದು. ಬಿಜೆಪಿಯದ್ದರಲ್ಲಿ ಸಮಾನ ನಾಗರಿಕ ಸಂಹಿತೆ, ಒಂದು ದೇಶ ಒಂದು ಚುನಾವಣೆ, 70 ದಾಟಿದವರಿಗೆ ಆಯುಷ್ಮಾನ್, ಉಚಿತ ರೇಷನ್ ಇನ್ನೂ ಐದು ವರ್ಷ. ಗೃಹಲಕ್ಷ್ಮಿಯ ಎರಡು ಸಾವಿರ ಆಗಲೇ ಅತ್ತಿಗೆಯ ಖಾತೆಗೆ ಬರ್ತಾ ಇತ್ತು. ಅದನ್ನ 'ಹೇಳಿದ್ದು' ಅಂಕಣಕ್ಕೆ ಹಾಕೋದಾ 'ಮಾಡಿದ್ದು' ಅಂಕಣಕ್ಕಾ, ಅದು ರಾಜ್ಯದ್ದು ಇದು ದೇಶದ್ದು ಅಂತ ನಾವಿಬ್ಬರು ಕಾಲು ಗಂಟೆ ವಾದ ಮಾಡಿದೆವು. ಅತ್ತಿಗೆ ಒಳಗಿಂದಲೇ "ಬ್ಯಾಂಕಿಗೆ ಬಂದದ್ದು ಮಾಡಿದ್ದೇಯಾ" ಅಂದು ತೀರ್ಮಾನ ಕೊಟ್ಟಳು.

'ಮಾಡಿದ್ದು' ಅಂಕಣದಲ್ಲಿ ಇನ್ನೊಂದು ತೊಡಕು. ಕಾಗೇರಿಯವರು 1994, 99, 2004 ಮೂರು ಸಲ ನಮ್ಮ ಅಂಕೋಲಾ ಕ್ಷೇತ್ರದ್ದೇ ಶಾಸಕರು. ಆಮೇಲೆ ಶಿರಸಿಯಿಂದ ಮೂರು ಸಲ, ಶಿಕ್ಷಣ ಮಂತ್ರಿ, ಸ್ಪೀಕರ್. ಒಳ್ಳೆಯದು ಕೆಟ್ಟದು ಬರೆಯೋಕೆ ಮೂವತ್ತು ವರ್ಷದ ಸಾಮಗ್ರಿ ಇದೆ. ಡಾಕ್ಟರು ಖಾನಾಪುರದವರು, 2018ರಿಂದ 23ರವರೆಗೆ ಅಲ್ಲಿನ ಶಾಸಕಿ. ಖಾನಾಪುರ ನಮ್ಮ ಲೋಕಸಭೆಗೇ ಸೇರಿದ್ದು ಹೌದು, ಆದ್ರೆ ಘಟ್ಟದ ಮೇಲಿನದ್ದು. ಅಧಿಕಾರ ಇಲ್ಲದವರ ಅಂಕಣ ಖಾಲಿ ಇದ್ರೆ ಅದು ಅವರ ತಪ್ಪಾ? ಅಪ್ಪನ ಪಟ್ಟಿಯಲ್ಲಿ ಇದಕ್ಕೆ ಜಾಗ ಇರಲಿಲ್ಲ.

ಅತಿಕ್ರಮಣದ ಸಾಲಿಗೆ ಸ್ವಲ್ಪ ಹೊತ್ತು ಹಿಡೀತು. ನಮ್ಮ ಜಿಲ್ಲೆಯ ಬಹುಭಾಗ ಅರಣ್ಯ ಇಲಾಖೆಯದ್ದು, ಅದರ ನಡುವೆ ಗುಂಟೆ ಲೆಕ್ಕದ ಬದುಕು. ಬಾಕಿ ಇರೋ ಅರಣ್ಯ ಹಕ್ಕಿನ ಅರ್ಜಿ ಒಂದು ವರ್ಷದಲ್ಲಿ ಇತ್ಯರ್ಥ, ತಿರಸ್ಕರಿಸಿದ್ದು ಆರು ತಿಂಗಳಲ್ಲಿ ಮರುಪರಿಶೀಲನೆ ಅಂತ ಕಾಂಗ್ರೆಸ್ ಗಡುವು ಹಾಕಿತ್ತು. ಕೇಳೋಕೆ ಚಂದ. ಆದ್ರೆ ಆ ಮಾತು ಇದ್ದಿದ್ದು ಆದಿವಾಸಿಗಳ ಅಧ್ಯಾಯದಲ್ಲಿ. ನಮ್ಮಲ್ಲಿ ಸಿಕ್ಕಿಕೊಂಡಿರೋರು ಹೆಚ್ಚಿನವರು ಕಾಯ್ದೆಯ ಪ್ರಕಾರ 'ಇತರೆ ಪಾರಂಪರಿಕ ಅರಣ್ಯವಾಸಿಗಳು'. 75 ವರ್ಷದ ವಾಸಕ್ಕೆ ದಾಖಲೆ ಕೊಡಬೇಕಾದವರು. 2006ರಲ್ಲಿ ಆ ಷರತ್ತಿನ ಕಾಯ್ದೆ ಮಾಡಿದ್ದು ಕಾಂಗ್ರೆಸ್ ನೇತೃತ್ವದ ಸರಕಾರವೇ. ಆಮೇಲೆ ಹತ್ತು ವರ್ಷ ಅಧಿಕಾರದಲ್ಲಿದ್ದು ಆ ಷರತ್ತನ್ನ ಬದಲಿಸದೆ ಬಿಟ್ಟಿದ್ದು ಬಿಜೆಪಿ. ಎರಡೂ ಅಂಕಣದಲ್ಲಿ ಬರೆದೆ.

ಆಸ್ಪತ್ರೆಯ ಸಾಲು ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಅಪ್ಪ ಹೋಗಿದ್ದು 2011ರಲ್ಲಿ, ಆಂಬುಲೆನ್ಸಿನಲ್ಲಿ, ಮಣಿಪಾಲಕ್ಕೆ ಒಯ್ಯೋವಾಗ, ಬೈಂದೂರು ದಾಟಿದ ಮೇಲೆ. ನಮ್ಮ ಜಿಲ್ಲೆಯಲ್ಲಿ ಇಂಥ ಕತೆ ಇಲ್ಲದ ಮನೆ ಕಡಿಮೆ. 2019ರಲ್ಲಿ ಹುಡುಗರು ಟ್ವಿಟರಿನಲ್ಲಿ ಆಸ್ಪತ್ರೆ ಬೇಕು ಅಂತ ದೊಡ್ಡ ಅಭಿಯಾನ ಮಾಡಿದರು. 2022ರ ಜುಲೈಯಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತಾಗ ಮತ್ತೆ ಕೂಗೆದ್ದಿತು. ಈ ಸಾಲಿನಲ್ಲಿ ಇಬ್ಬರದ್ದೂ 'ಹೇಳಿದ್ದು' ಒಂದೇ: ಬೇಕು. ಬೇಡ ಅನ್ನೋರು ಯಾರು ಹೇಳಿ? ಎಲ್ಲರೂ ಬೇಕು ಅಂತಲೇ ಹೇಳೋ ವಿಷಯಕ್ಕೆ ಯಾರ ಓಟೂ ಆಚೀಚೆ ಆಗೂದಿಲ್ಲ, ಅದಕ್ಕೇ ಅದು ಆಗೂದೂ ಇಲ್ಲ ಅಂದ ಅಣ್ಣ. ಫಿಟ್ಟರಿನ ಲೆಕ್ಕ.

ಕೊನೆಯ ಎರಡು ಸಾಲು ನಮ್ಮ ಮನೆ ಅಂಗಳದ್ದು. ಒಂದು ವಿಮಾನ ನಿಲ್ದಾಣ. ನೌಕಾಪಡೆಯ ವಿಮಾನ ನೆಲೆಗೆ ಹೊಂದಿಕೊಂಡು ನಾಗರಿಕ ನಿಲ್ದಾಣ ಅಂತ ಅಲಗೇರಿ, ಭಾವಿಕೇರಿ, ಬೇಲೇಕೇರಿಯ ಜಮೀನಿಗೆ ಗುರುತಾಗಿರೋದು. ಇನ್ನೊಂದು ಕೇಣಿ ಬಂದರು. ಖಾಸಗಿ ಕಂಪನಿಗೆ 2023ರ ಕೊನೆಯಲ್ಲಿ ಸಿಕ್ಕಿದ್ದು, ನಾಲ್ಕು ಸಾವಿರ ಕೋಟಿಗೂ ಮೇಲಿನದ್ದು, ಮೀನುಗಾರರ ಹೊಟ್ಟೆಪಾಡಿನ ದಂಡೆ. ನಮ್ಮ ಮನೆಗೆ ಬಂದಿದ್ದ ಎರಡೂ ಪಕ್ಷದ ಕರಪತ್ರ ಹರಡಿಕೊಂಡು ಹುಡುಕಿದೆವು. ಎರಡರಲ್ಲೂ ಅದರ ಬಗ್ಗೆ ಒಂದಕ್ಷರ ಇರಲಿಲ್ಲ. ಯಾಕೆ ಅಂತ ಯೋಚಿಸಿದ್ರೆ ಕಷ್ಟವೇನಿಲ್ಲ. ಬಂದರಿನ ಗುತ್ತಿಗೆ ಕೊಡೋದು ರಾಜ್ಯ, ಅಲ್ಲಿ ಕಾಂಗ್ರೆಸ್. ಪರಿಸರದ ಒಪ್ಪಿಗೆ ಕೊಡೋದು ಕೇಂದ್ರ, ಅಲ್ಲಿ ಬಿಜೆಪಿ. ಇಬ್ಬರ ಕೈಯೂ ಇರೋ ಪಾತ್ರೆಯ ಬಗ್ಗೆ ಯಾರು ಯಾರನ್ನ ಬೈಯೋದು? 1989ರಲ್ಲಿ ಕಡೇಪಕ್ಷ ಒಬ್ಬರು ಮುದುಕರು 'ಬೇಡ' ಅಂತ ಒಂದು ಸಾಲು ತುಂಬಿದ್ದರು. ಉಳಿದ ಐದು ಖಾಲಿ ಬಿಟ್ಟು. ಈ ಸಲ ಐದಾರು ಸಾಲು ತುಂಬಿದ್ದವು, ಆ ಒಂದು ಖಾಲಿ.

ಮರುದಿನ ಓಟು ಹಾಕಿ ಬಂದೆವು. ಯಾರಿಗೆ ಅಂತ ಕೇಳಬೇಡಿ, ಹೇಳಿದ್ರೂ ನೀವು ಇನ್ನು ನಂಬೋದಿಲ್ಲ. ಕಾಗೇರಿಯವರು 3 ಲಕ್ಷ 37 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. 2025ರಲ್ಲಿ ಕೇಣಿಯ ಜನ ಬಂದರು ಬೇಡ ಅಂತ ಬೀದಿಗೆ ಇಳಿದಾಗ ಅಣ್ಣ ಫೋನ್ ಮಾಡಿದ್ದ. ಅಲ್ಲಿಗೆ ಯಾವ ಪಕ್ಷದ ಯಾರ್‍ಯಾರು ಬಂದರು, ಏನೇನು ಅಂದರು ಅಂತ ಖಾಲಿ ಬಿಟ್ಟಿದ್ದ ಸಾಲಿನಲ್ಲಿ ತಾರೀಕು ಸಮೇತ ಬರೀತಾ ಇದಾನಂತೆ. ಜಾಗ ಸಾಲದೆ ಬೇರೆ ಹಾಳೆ ಅಂಟಿಸಿದಾನಂತೆ.

"ನೀನೂ ಕಾಲೇಜಿನಲ್ಲಿ ಹೀಂಗೇ ಕೂಗ್ತಿದ್ದೆ ಅಲ್ದನಾ ಕೈಗಾಕ್ಕೆ" ಅಂದ ಫೋನಿನಲ್ಲಿ. ಹೂಂ ಅಂದೆ. ಆವತ್ತಿನ ಓಟಿನ ವಿಷಯ ಇನ್ನೂ ಹೇಳಿಲ್ಲ. ಅವನು ಬ್ಲಾಗ್ ಗೀಗ್ ಏನೂ ಓದೋನಲ್ಲ. ಅವನ ಮಗಳು ಓದ್ತಾಳೆ.